ಕೋಲಾರದ ಡಿಟಿಪಿ ಅಂಗಡಿಯಲ್ಲಿ ಎಐ ಆಪ್: ವರ್ಷದ ಮೇಲೆ ಬಳಸಿದವನ ಮಾತು

ಕೋಲಾರದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ವರ್ಷದ ಮೇಲಾಯಿತು, ಎಐ ಚಾಟ್ ಆಪ್ ಒಂದನ್ನು ಬಳಸುತ್ತಿದ್ದೇನೆ. ಮೊದಲು ಫ್ರೀ, ಈಗ ತಿಂಗಳು ತಿಂಗಳು ದುಡ್ಡು ಕಟ್ಟಿ. ಕಂಪನಿ ಹೆಸರು ಬೇಡ ಬಿಡಿ.

ಅರ್ಜಿ ಬರೆಯೋದಕ್ಕೆ ಇದು ಪಕ್ಕಾ. ಹನಿ ನೀರಾವರಿ ಸಬ್ಸಿಡಿ, ಪಹಣಿ ತಿದ್ದುಪಡಿ, ಏನೇ ಇರಲಿ, ಗಿರಾಕಿ ಎರಡು ಮಾತು ಹೇಳಿದರೆ ಸಾಕು, 'ಮಾನ್ಯರೇ'ಯಿಂದ 'ತಮ್ಮ ವಿಶ್ವಾಸಿ'ವರೆಗೆ ರೆಡಿ. ಆದರೆ ನಮ್ಮ ಕಡೆ ಕನ್ನಡದ ನಡುವೆ ತೆಲುಗು ನುಗ್ಗುತ್ತದೆ ಅಲ್ವಾ, ವಾಯ್ಸ್ ಟೈಪಿಂಗ್ ಅಲ್ಲಿ ತಬ್ಬಿಬ್ಬಾಗುತ್ತದೆ. ಸರ್ವೆ ನಂಬರ್ ಅಂತೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.

ಬೆಳೆ ವಿಷಯಕ್ಕೆ ನಂಬಬೇಡಿ. ಮುದುರಿದ ಟೊಮೆಟೊ ಎಲೆಯ ಫೋಟೊ ಹಾಕಿದರೆ ಕ್ಯಾಲ್ಸಿಯಂ ಕೊರತೆ ಅಂದಿತು, ಅದೂ ಭಾರಿ ಧೈರ್ಯವಾಗಿ. ಪಕ್ಕದ ತೋಟದವರು ಎಲೆ ತಿರುಗಿಸಿ ನೋಡಿದರು. ಅಡಿಯಲ್ಲಿ ಬಿಳಿ ನೊಣ! ಅದು ಹರಡೋ ಎಲೆ ಮುದುರು ರೋಗ.

ಇನ್ನು ನೀರಿನ ಮಾತು. ಪ್ರಿಂಟ್‌ಗೆ ಕಾಯುತ್ತಿದ್ದ ಹಿರಿಯರೊಬ್ಬರು ಕೇಳಿದರು, "ಈ ಎಐಗೂ ನೀರು ಬೇಕಂತಲ್ಲಪ್ಪಾ?"

"ಹೌದು ಯಜಮಾನ್ರೇ, ಇದನ್ನ ಓಡಿಸೋ ದೊಡ್ಡ ದೊಡ್ಡ ಕಂಪ್ಯೂಟರ್ ಬಿಸಿಯಾಗುತ್ತೆ, ತಣ್ಣಗೆ ಮಾಡೋಕೆ ಬೇಕು."

"ನಮಗೆ ಸಾವಿರ ಅಡಿ ಕೊರೆಸಿದ್ರೂ ಧೂಳೇ ಬಂತು. ಇದಕ್ಕೆ ಯಾರು ಪಾಯಿಂಟ್ ನೋಡಿಕೊಟ್ರು?"

ನಕ್ಕೆವು. ಆದರೂ ಪ್ರಶ್ನೆ ಸುಮ್ನೆ ಬಿಡೋದಲ್ಲ. ತನ್ನ ಎಐ ಆಪ್ ಜೆಮಿನಿಗೆ ಬರೆದು ಕೇಳುವ ಮಾಮೂಲಿ ಪ್ರಶ್ನೆಗೆ 0.26 ಮಿಲಿಲೀಟರ್, ಅಂದರೆ ಐದು ಹನಿ ನೀರು ಸಾಕು ಅಂತ ಗೂಗಲ್ 2025ರ ಆಗಸ್ಟ್‌ನಲ್ಲಿ ಲೆಕ್ಕ ಕೊಟ್ಟಿತು. ಆದರೆ ಕರೆಂಟ್ ತಯಾರಿಸೋಕೆ ಖರ್ಚಾಗುವ ನೀರು ಆ ಐದು ಹನಿಯಲ್ಲಿ ಸೇರಿಲ್ಲ. ಎಐಗೆ ಮೊದಲು ತರಬೇತಿ ಕೊಡುವ ಖರ್ಚೂ ಸೇರಿಲ್ಲ. ಕರೆಂಟ್ ಕೇಳಿದರೆ, ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಎಲ್ಲ ಡೇಟಾ ಸೆಂಟರ್‌ಗಳು, ಅಂದರೆ ಇಂಥ ಕಂಪ್ಯೂಟರ್ ಇಡುವ ಕೇಂದ್ರಗಳು, ಸೇರಿ ಸುಮಾರು 41,500 ಕೋಟಿ ಯೂನಿಟ್ ಬಳಸಿವೆ. 2030ರ ಹೊತ್ತಿಗೆ ಅದು ದುಪ್ಪಟ್ಟು ದಾಟಬಹುದಂತೆ, ಮುಖ್ಯವಾಗಿ ಎಐ ದೆಸೆಯಿಂದ. ಐದು ಹನಿ ಅಂತ ಕಂಪನಿಯವರು ಸಮಾಧಾನ ಹೇಳಬಹುದು. ನಮ್ಮ ಜಿಲ್ಲೆಯ ಅಂತರ್ಜಲವನ್ನೂ ಯಾವುದೋ ಒಂದೇ ಬೋರ್‌ವೆಲ್ ಖಾಲಿ ಮಾಡಲಿಲ್ಲ. ಎಲ್ಲರೂ ಕೊರೆಸಿದೆವು, ಅಷ್ಟೇ.

ನಮಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನೇ ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಡೇಟಾ ಸೆಂಟರ್‌ಗೆ ಕುಡಿಯೋ ನೀರು ಬೇಡ, ಇಂಥ ಸಂಸ್ಕರಿಸಿದ ನೀರು ಕೊಟ್ಟರಾಯಿತು ಅನ್ನೋರಿದ್ದಾರೆ. ಸರಿ, ಕುಡಿಯೋ ನೀರಿಗಿಂತ ವಾಸಿ. ಆದರೆ ಬೆಂಗಳೂರಿನ ಕೂಲಿಂಗ್ ಟವರ್‌ನಲ್ಲಿ ಆವಿಯಾಗಿ ಹೋದ ನೀರು ಕೋಲಾರದ ಕೆರೆಗೆ ಹೇಗೆ ಬರುತ್ತದೆ? ಈ ಲೆಕ್ಕ ಹಾಕುವವರು ನನಗಂತೂ ಕಂಡಿಲ್ಲ.

ಆಪ್‌ಗೆ ಐದರಲ್ಲಿ ಮೂರು ಸ್ಟಾರ್. ಒಂದು ಸ್ಟಾರ್ ಬೆಳೆ ಸಲಹೆಗೆ ಕಟ್. ಇನ್ನೊಂದು ನೀರಿನ ಲೆಕ್ಕ ಮುಚ್ಚಿಟ್ಟಿದ್ದಕ್ಕೆ. ಕರೆಂಟ್ ಬಿಲ್‌ನಲ್ಲಿ ಯೂನಿಟ್ ಬರುವಂತೆ, ತಿಂಗಳಿಗೆ ನನ್ನ ಪಾಲಿನ ನೀರು ಎಷ್ಟು, ಯಾವ ಊರಿನದು ಅಂತ ಆಪ್‌ನಲ್ಲೇ ತೋರಿಸಲಿ. ಟೈಪಿಂಗ್ ಅಂಗಡಿಯವರು ದುಡ್ಡು ಕೊಟ್ಟು ತಗೋಬಹುದು. ಬರೀ ಗುಡ್ ಮಾರ್ನಿಂಗ್ ಚಿತ್ರ ಮಾಡಿಸೋರಿಗೆ ಫ್ರೀದೇ ಜಾಸ್ತಿ.