ದೆಲಕ್ರುವಾ ಕಂಡ ಪೂರ್ವ, ಆಂಗ್ರ್ ಕಲ್ಪಿಸಿದ ಪೂರ್ವ: ಪ್ಯಾರಿಸ್‌ನ ಎರಡು ಮ್ಯೂಸಿಯಂಗಳ ವಿಮರ್ಶೆ

ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾಗಳನ್ನು ‘ಪೂರ್ವ’ವೆಂದು ಕರೆದು ಚಿತ್ರಿಸಿದ ಫ್ರೆಂಚ್ ಚಿತ್ರಕಲೆಯ ಓರಿಯಂಟಲಿಸ್ಟ್ ಪರಂಪರೆಯನ್ನು ಮೂಲಕೃತಿಗಳ ಎದುರು ನಿಂತೇ ಅರಿಯಬೇಕೆನ್ನುವವರು ಲೂವ್ರ್ ಮ್ಯೂಸಿಯಂ ಮತ್ತು ಅದರ ಆಡಳಿತಕ್ಕೇ ಸೇರಿದ , ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರ ದೆಲಕ್ರುವಾನ ಹೆಸರಿನ ಪುಟ್ಟ ಮ್ಯೂಸಿಯಂ ಎರಡನ್ನೂ ಒಟ್ಟಿಗೆ ನೋಡಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕಣ್ಣಾರೆ ಕಂಡದ್ದು ಎಲ್ಲಿ ಮುಗಿಯುತ್ತದೆ, ಕಟ್ಟಿಕೊಂಡದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಈ ಚಿತ್ರಗಳನ್ನು ನೋಡುವಾಗ ಏಳುವ ಮುಖ್ಯ ಪ್ರಶ್ನೆ. ಅದಕ್ಕೆ ಒಂದೇ ಕಟ್ಟಡದಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ.

ಲೂವ್ರ್‌ನ ದೆನೋಂ ವಿಭಾಗದ ಮೊದಲ ಮಹಡಿಯಲ್ಲಿ, ಮೋನಾಲಿಸಾಳ ಕೋಣೆಯಿಂದ ಹೆಚ್ಚು ದೂರವಿಲ್ಲದ ಕೆಂಪು ಗೋಡೆಗಳ ವಿಶಾಲ ಸಭಾಂಗಣಗಳಲ್ಲಿ, ಈ ಕಥೆಯ ಆರಂಭವಿದೆ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ ಮೇಲೆ ಫ್ರೆಂಚ್ ಕಲಾವಿದರಿಗೆ ಪೂರ್ವದೇಶಗಳು ದೊಡ್ಡ ವಸ್ತುವಾದವು. ಪ್ಯಾಲೆಸ್ಟೈನಿನ ಜಾಫಾ ಪಟ್ಟಣದ ಪ್ಲೇಗ್ ರೋಗಿಯೊಬ್ಬನನ್ನು ನೆಪೋಲಿಯನ್ ಬೋನಪಾರ್ಟ್ ಕೈಚಾಚಿ ಮುಟ್ಟುತ್ತಿರುವಂತೆ ಚಿತ್ರಕಾರ ಗ್ರೋ 1804ರಲ್ಲಿ ಬರೆದ ಬೃಹತ್ ಚಿತ್ರವು ದಂಡನಾಯಕನ ಪ್ರಚಾರಕ್ಕೆಂದೇ ರೂಪುಗೊಂಡದ್ದು. ದೆಲಕ್ರುವಾನ ‘ಕಿಯೋಸ್‌ನ ಹತ್ಯಾಕಾಂಡ’ (1824, ಗ್ರೀಕ್ ದ್ವೀಪದಲ್ಲಿ ಒಟ್ಟೊಮನ್ ಸೇನೆ ನಡೆಸಿದ ಕೊಲೆ) ಹಾಗೂ ‘ಸಾರ್ಡನಪಾಲಸನ ಸಾವು’ (1827, ಅಸ್ಸೀರಿಯಾದ ದಂತಕಥೆಯ ದೊರೆಯ ಅಂತ್ಯ) ಕೂಡ ಅವನು ಪೂರ್ವದ ನೆಲವನ್ನು ಮೆಟ್ಟುವ ಮೊದಲೇ ಬರೆದವು. ಇವೆರಡೂ ಈಚಿನ ವರ್ಷಗಳಲ್ಲಿ ಸಂರಕ್ಷಣಾ ಕಾರ್ಯಕ್ಕೆ ಒಳಪಟ್ಟು, ಹಳದಿಗಟ್ಟಿದ ವಾರ್ನಿಷ್ ಕಳೆದುಕೊಂಡು ಬಂದಿರುವುದರಿಂದ ಬಣ್ಣಗಳು ಹೊಸದಾಗಿ ಮಾತನಾಡುತ್ತವೆ.

ನಾನು ಅತಿ ಹೆಚ್ಚು ಹೊತ್ತು ನಿಂತದ್ದು ‘ಅಲ್ಜಿಯರ್ಸ್‌ನ ಸ್ತ್ರೀಯರು’ (1834) ಚಿತ್ರದ ಮುಂದೆ. 1830ರಲ್ಲಿ ಫ್ರಾನ್ಸ್ ಅಲ್ಜಿಯರ್ಸನ್ನು ವಶಪಡಿಸಿಕೊಂಡಿತ್ತು. 1832ರಲ್ಲಿ ಮೊರಾಕೊ ಸುಲ್ತಾನನ ಬಳಿಗೆ ಹೊರಟ ರಾಜತಾಂತ್ರಿಕ ನಿಯೋಗದ ಜೊತೆ ಪಯಣಿಸಿದ ದೆಲಕ್ರುವಾ, ಮರಳುವ ದಾರಿಯಲ್ಲಿ ಕೆಲವೇ ದಿನ ಆ ನಗರದಲ್ಲಿ ತಂಗಿದ್ದ. ಅಲ್ಲಿನ ಒಂದು ಮನೆಯ ಅಂತಃಪುರಕ್ಕೆ ಅವನಿಗೆ ಪ್ರವೇಶ ಸಿಕ್ಕಿತೆಂಬುದು ಬಹುಕಾಲದಿಂದ ನಡೆದುಬಂದ ಹೇಳಿಕೆ. ಚಿತ್ರ ಪೂರ್ಣಗೊಂಡದ್ದು ಪ್ಯಾರಿಸ್‌ನಲ್ಲಿ. ಹತ್ತಿರ ಹೋಗಿ ನೋಡಿದರೆ, ನೆಲದ ಮೇಲೆ ಬಿಟ್ಟ ಪಾದರಕ್ಷೆಗಳು, ಹುಕ್ಕಾದ ನಳಿಗೆ, ಗೋಡೆಯ ಹೆಂಚುಗಳು, ಅರೆ ತೆರೆದ ಕೆಂಪು ಬೀರುವಿನ ಬಾಗಿಲು, ಎಲ್ಲವೂ ಕಂಡವನ ಕೈಯಿಂದಲೇ ಬಂದವು ಎನ್ನಿಸುತ್ತದೆ. ನೆರಳಿಗೆ ಕಪ್ಪು ಬಳಿಯದೆ, ಹಸಿರಿನ ಮಗ್ಗುಲಿಗೆ ಗುಲಾಬಿಯನ್ನಿಟ್ಟು ಚರ್ಮಕ್ಕೂ ಬಟ್ಟೆಗೂ ಬೆಳಕು ತಂದಿರುವ ಬಗೆಯನ್ನು ಮುದ್ರಿತ ಪ್ರತಿಯಲ್ಲಿ ಎಷ್ಟು ಹುಡುಕಿದರೂ ಕಾಣಲಾಗದು. ಆದರೆ ಕುಳಿತ ಮೂವರ ಮುಖಗಳಲ್ಲಿರುವ ಮಂಪರು, ಪರದೆ ಸರಿಸುತ್ತಾ ಹೊರಳಿ ನೋಡುವ ಕಪ್ಪು ವರ್ಣದ ಸೇವಕಿಯ ನಾಟಕೀಯ ಭಂಗಿ, ಇವು ಪ್ಯಾರಿಸ್‌ನ ನೋಟಕರಿಗಾಗಿ ಜೋಡಿಸಿದವು ಎಂದೇ ನನಗೆ ತೋರಿತು.

ದೆಲಕ್ರುವಾ ಸ್ಥಳದಲ್ಲಿ ಮಾಡಿಕೊಂಡ ಜಲವರ್ಣದ ಟಿಪ್ಪಣಿಗಳಲ್ಲಿ ಮೂನಿ, ಝೋರಾ ಮುಂತಾದ ಹೆಸರುಗಳನ್ನು ಬರೆದಿಟ್ಟಿದ್ದಾನೆ; ದೊಡ್ಡ ಕ್ಯಾನ್ವಾಸಿಗೆ ಬರುವ ಹೊತ್ತಿಗೆ ಆ ಹೆಸರುಗಳು ಉದುರಿಹೋಗಿ ಅವರು ಬರೀ ‘ಸ್ತ್ರೀಯರು’ ಆದರು. ಇಲ್ಲಿ ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದಿದೆ. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಬ್ರಿಟಿಷರ ವಿರುದ್ಧ ನೆರವು ಕೋರಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಬಂದಿದ್ದಾಗ, ಅವರಲ್ಲಿ ಒಬ್ಬನಾದ ಮುಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ಕಲಾವಿದೆ ವಿಜೆ ಲೆ ಬ್ರೂನ್ ಬರೆದಳು. ಅದು 1789ರ ಸಲೋನ್ ಎಂಬ ಅಧಿಕೃತ ಕಲಾಪ್ರದರ್ಶನದಲ್ಲಿ, ಇದೇ ಲೂವ್ರ್ ಅರಮನೆಯಲ್ಲಿ, ಸಾರ್ವಜನಿಕರ ಕಣ್ಣಿಗೆ ಬಿತ್ತು. ಅಲ್ಲಿ ಕತ್ತಿ ಹಿಡಿದು ನಿಂತವನಿಗೆ ಹೆಸರೂ ಇತ್ತು, ಅಧಿಕಾರವೂ ಇತ್ತು. ಅರ್ಧ ಶತಮಾನದೊಳಗೆ ಫ್ರೆಂಚ್ ಕಣ್ಣಿನಲ್ಲಾದ ಬದಲಾವಣೆಯನ್ನು ಅಳೆಯಲು ಈ ಎರಡು ಚಿತ್ರಗಳ ಹೋಲಿಕೆ ಸಾಕು.

ದೆಲಕ್ರುವಾನ ಸಮಕಾಲೀನ ಚಿತ್ರಕಾರ ಆಂಗ್ರ್ ಪೂರ್ವಕ್ಕೆ ಎಂದೂ ಹೋದವನಲ್ಲ. ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯೂರಾಗಾಗಿ 1814ರಲ್ಲಿ ಬರೆದ ‘ಗ್ರಾಂಡ್ ಒಡಾಲಿಸ್ಕ್’ (ಅಂತಃಪುರದ ದಾಸಿಯ ನಗ್ನಚಿತ್ರ) ಅನ್ನು ನೋಡಿದ ಅಂದಿನ ವಿಮರ್ಶಕರು, ಬೆನ್ನಿಗೆ ಹೆಚ್ಚುವರಿ ಮೂಳೆಗಳಿವೆಯೆಂದು ಆಕ್ಷೇಪಿಸಿದ್ದರು. ರೇಖೆಯ ಸೊಬಗಿಗಾಗಿ ದೇಹವನ್ನೇ ಹಿಗ್ಗಿಸಿದ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ, ಆದರೆ ಆ ಹೆಣ್ಣು ಯಾವ ಊರಿನವಳೂ ಅಲ್ಲ. ಸಲ್ಲಿ ವಿಭಾಗದ ಎರಡನೆಯ ಮಹಡಿಯಲ್ಲಿರುವ ಅವನ ವೃತ್ತಾಕಾರದ ‘ಟರ್ಕಿಶ್ ಸ್ನಾನ’ (1862) ಇಂಗ್ಲಿಷ್ ಮಹಿಳೆಯೊಬ್ಬಳ ಪತ್ರಗಳನ್ನು ಓದಿ ಕಟ್ಟಿದ ಲೋಕ. ಆಗ ಅವನಿಗೆ ಎಂಬತ್ತು ದಾಟಿತ್ತು.

ಅಲ್ಲಿಂದ ಸೇನ್ ನದಿ ದಾಟಿ, ಸುಮಾರು 20 ನಿಮಿಷ ನಡೆದರೆ ದೆಲಕ್ರುವಾ ಮ್ಯೂಸಿಯಂ ಇರುವ ಫುರ್ಸ್ತಂಬೆರ್ಗ್ ಬೀದಿ ಸಿಗುತ್ತದೆ. ಸಾಂ ಸುಲ್ಪೀಸ್ ಚರ್ಚಿನ ಭಿತ್ತಿಚಿತ್ರಗಳ ಕೆಲಸಕ್ಕೆ ಹತ್ತಿರವಾಗಲೆಂದು ದೆಲಕ್ರುವಾ 1857ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದು, 1863ರಲ್ಲಿ ತೀರಿಕೊಳ್ಳುವವರೆಗೂ ನೆಲೆಸಿದ. ದೊಡ್ಡ ಕಿಟಕಿಯ ಸ್ಟುಡಿಯೊ, ಅದರ ಮಗ್ಗುಲ ತೋಟ, ಕೆಲವೇ ಕೋಣೆಗಳು, ಇಷ್ಟೇ ಇದರ ವ್ಯಾಪ್ತಿ. ಪ್ರಸಿದ್ಧ ಕ್ಯಾನ್ವಾಸುಗಳನ್ನು ಇಲ್ಲಿ ನಿರೀಕ್ಷಿಸಬಾರದು. ಮೊರಾಕೊದಿಂದ ಅವನು ತಂದ ಮಣ್ಣಿನ ಪಾತ್ರೆ, ಚರ್ಮದ ಸಾಮಾನು, ಆಯುಧಗಳೇ ಈ ಸಂಗ್ರಹದ ಜೀವಾಳ. ಅವನ ಚಿತ್ರಗಳ ನಂಬಿಕಾರ್ಹ ಭಾಗ ಇಂಥ ವಸ್ತುಗಳ ಸಹವಾಸದಿಂದ ಬಂದದ್ದು ಎಂಬುದು ಇಲ್ಲಿ ಮನವರಿಕೆಯಾಗುತ್ತದೆ.

ಎರಡೂ ಕಡೆ ಮಂಗಳವಾರ ರಜೆ. ಲೂವ್ರ್ ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುವುದರಿಂದ, ದೆನೋಂ ವಿಭಾಗದ ನೂಕುನುಗ್ಗಲು ತಗ್ಗುವ ಸಂಜೆಯ ವೇಳೆಯೇ ಉತ್ತಮ. ಪರಂಪರೆಯ ಮುಂದಿನ ಘಟ್ಟಕ್ಕೆ ಲೂವ್ರ್ ಸಾಲದು: ಲಿಯೋನ್ ಬೆಲ್ಲಿಯ ‘ಮೆಕ್ಕಾ ಯಾತ್ರಿಕರು’ (1861), ಗಿಯೊಮೆಯ ‘ಸಹಾರಾ’ (1867) ಪ್ಯಾರಿಸ್ಸಿನದೇ ಓರ್ಸೆ ಮ್ಯೂಸಿಯಂನ ಸಂಗ್ರಹದಲ್ಲಿವೆ, ಜೆರೋಮನ ‘ಹಾವಾಡಿಗ’ ಅಮೆರಿಕದ ಕ್ಲಾರ್ಕ್ ಸಂಸ್ಥೆಯ ಪಾಲಾಗಿದೆ. ಒಂದೇ ದಿನವಿದ್ದವರು ಓರ್ಸೆಯನ್ನು ಬಿಡಲಿ, ಫುರ್ಸ್ತಂಬೆರ್ಗ್ ಬೀದಿಯ ಮನೆಯನ್ನು ಬಿಡುವುದು ಬೇಡ.