ಜಾಝ್ ಕೇಳೋಕೆ ರೆಸಾರ್ಟಾ, ನಮ್ಮ ಬಾರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬಾರಿಗೆ. ರೆಸಾರ್ಟಿಗೆ ಕೊಟ್ಟ 2,500 ರೂಪಾಯಿಯ ಹೊಟ್ಟೆಯುರಿ ಇನ್ನೂ ಆರಿಲ್ಲ. ಹಾಗಾಗಿ ಇದರಲ್ಲಿ ಜಾಸ್ತಿ ನ್ಯಾಯ ಹುಡುಕಬೇಡಿ.

ಏಪ್ರಿಲ್‌ನಲ್ಲಿ ಮಡಿಕೇರಿ ಕಡೆಯ ಒಂದು ರೆಸಾರ್ಟಿನವರು ‘ಹಳೇ ಕಾಲದ ಜಾಝ್, ಲೈವ್’ ಎಂದು ವಾಟ್ಸಾಪಿನಲ್ಲಿ ಪೋಸ್ಟರ್ ಬಿಟ್ಟಿದ್ದರು. ಚಿತ್ರದಲ್ಲಿ ಟ್ರಂಪೆಟ್, ಬ್ಯಾಂಜೊ, ಟೋಪಿ ಹಾಕಿದ ಐದು ಜನ. ತಲೆಗೆ 2,500, ಊಟ ಸೇರಿ. ಇಸ್ತ್ರಿ ಅಂಗಿ ಹಾಕಿಕೊಂಡು ಸುಂಟಿಕೊಪ್ಪದಿಂದ ಹೋದೆ. ಹುಲ್ಲುಹಾಸಿನ ಮೇಲೆ ಇದ್ದದ್ದು ಒಬ್ಬ ಹುಡುಗ, ಒಂದು ಸ್ಯಾಕ್ಸೊಫೋನ್, ಒಂದು ಲ್ಯಾಪ್‌ಟಾಪ್. ಡ್ರಮ್ಮು, ಬೇಸು, ಪಿಯಾನೊ ಎಲ್ಲ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ.

ಹುಡುಗ ಕೆಟ್ಟದಾಗೇನೂ ನುಡಿಸಲಿಲ್ಲ, ಪಾಪ. ಮೂರನೇ ಹಾಡಿಗೇ ಹಿಂದಿ ಸಿನಿಮಾಕ್ಕೆ ಇಳಿದ, ಅದೂ ಹೋಗಲಿ. ಲ್ಯಾಪ್‌ಟಾಪ್ ಅವನಿಗಾಗಿ ಕಾಯುವುದಿಲ್ಲವಲ್ಲ! ಚೆನ್ನಾಗಿ ಬರುತ್ತಿದೆ, ಇನ್ನೊಂದು ಸುತ್ತು ಹೋಗೋಣ ಅಂದುಕೊಂಡರೂ ಆಗದು. ಟ್ರ್ಯಾಕ್ ಮುಗಿದರೆ ಹಾಡೂ ಮುಗಿಯಿತು. ರಾತ್ರಿ 10ಕ್ಕೆ ಸ್ಪೀಕರ್ ಬಂದ್. ಬಯಲಲ್ಲಿ ಹತ್ತರ ಮೇಲೆ ಹಾಕುವಂತಿಲ್ಲ, ಅದು ಸರಿಯೇ. ದುಡ್ಡಿನ ಮಾತೆತ್ತಿದೆ. “ಲೈವ್ ಅಂತ ಹೇಳಿದ್ವಿ ಸರ್, ಲೈವೇ ಇತ್ತಲ್ವಾ?” ಎಂದರು. ಬಫೆಯ ಪಂದಿಕರಿಯಲ್ಲಿ ನಮ್ಮ ಕೊಡಗಿನ ಹುಳಿ ಕಾಚಂಪುಳಿಯ ಸುಳಿವೂ ಇರಲಿಲ್ಲ.

ಬೆಂಗಳೂರು? ಅಲ್ಲಿ ಕೂತು ಕೇಳುವ ಒಳ್ಳೆಯ ಜಾಗಗಳಿವೆ, ಸೌಂಡ್ ಚೆನ್ನ. ಆದರೆ ಸುಮಾರು 260 ಕಿಲೋಮೀಟರ್ ಹೋಗಿ, ರೂಮು ಮಾಡಿ, ಟಿಕೆಟ್ ತಗೊಂಡು ಕೇಳುವ ಸುಖ ನನ್ನ ಸಂಬಳಕ್ಕೆ ವರ್ಷಕ್ಕೊಂದು ಸಲ.

ಮನೆಯಲ್ಲಿ ಸ್ಪೀಕರ್ ಇದೆ, ಭಾನುವಾರ ಬೆಳಗ್ಗೆ ಹಳೇ ರೆಕಾರ್ಡಿಂಗ್ ಹಾಕುತ್ತೇನೆ. 1923ರಲ್ಲಿ ಕಾರ್ನೆಟ್ (ಟ್ರಂಪೆಟ್ಟಿನ ಗಿಡ್ಡ ತಮ್ಮ) ಊದುವ ಕಿಂಗ್ ಆಲಿವರ್ ಎಂಬವನ ತಂಡ ಅಮೆರಿಕದ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಮಾಡಿದ್ದು ನನಗೆ ಬಲು ಇಷ್ಟ. ಮುಂದೆ ಜಾಝಿನಲ್ಲಿ ದೊಡ್ಡ ಹೆಸರಾದ, ಆಗ 21ರ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್ ಅದರಲ್ಲಿ ಎರಡನೇ ಕಾರ್ನೆಟ್. ಆಗ ಮೈಕ್ ಇರಲಿಲ್ಲ. ಒಂದು ದೊಡ್ಡ ಕಹಳೆಯ ಬಾಯಿಗೆ ಎಲ್ಲರೂ ಊದಬೇಕು, ಅದರ ತುದಿಯ ಸೂಜಿ ಮೇಣದಲ್ಲಿ ಗೀರಬೇಕು. ಆರ್ಮ್‌ಸ್ಟ್ರಾಂಗ್ ಸದ್ದು ಎಲ್ಲರನ್ನೂ ಮುಳುಗಿಸುತ್ತದೆ ಎಂದು ಅವನನ್ನು ಹಿಂದೆ ದೂರ ನಿಲ್ಲಿಸಿದರಂತೆ. ದೊಡ್ಡ ಡ್ರಮ್ ಬಾರಿಸಿದರೆ ಸೂಜಿ ಹಾರುತ್ತಿತ್ತು, ಹಾಗಾಗಿ ಡ್ರಮ್ಮಿಗೆ ಅರ್ಧ ಬಾಯಿ ಕಟ್ಟಿದ ಹಾಗೆ. ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಹಿಡಿದರೆ ಹೆಚ್ಚು. ಎಷ್ಟೇ ದುಬಾರಿ ಸ್ಪೀಕರ್ ತಂದರೂ ಅಂದು ಒಳಗೆ ಹೋಗದೇ ಇದ್ದದ್ದು ಇಂದು ಹೊರಗೆ ಬರುತ್ತದೆಯೇ?

ಅದು ಸಿಗುವುದು ಬಾರಿನಲ್ಲಿ. ಮಡಿಕೇರಿಯ ಒಂದು ಇಳಿಜಾರು ಓಣಿ, ಒಂಬತ್ತು ಮೇಜು. ಹೆಸರು ಹೇಳುವುದಿಲ್ಲ, ಈಗಲೇ ಕುರ್ಚಿ ಸಿಗುತ್ತಿಲ್ಲ. ಶನಿವಾರ ಏಳೂವರೆಗೆ ಐದು ಜನ ಬರುತ್ತಾರೆ. ಟ್ರಂಪೆಟ್ ಊದುವವರು ಮಿಲಿಟರಿ ಬ್ಯಾಂಡಿನಿಂದ ರಿಟೈರ್ ಆದ ಸುಬೇದಾರರು. ಹೋಂಸ್ಟೇ ನಡೆಸುವವರೊಬ್ಬರದು ಬ್ಯಾಂಜೊ. ಡ್ರಮ್ಮಿನವನು ವಾರದ ಉಳಿದ ದಿನ ಮದುವೆ ಬ್ಯಾಂಡಿನಲ್ಲಿ. ಮೈಕ್ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ.

ಇವರ ಆಟ ಹೀಗೆ. ಟ್ರಂಪೆಟ್ ಧಾಟಿ ಹಿಡಿದು ನಡೆಯುತ್ತದೆ. ಕ್ಲಾರಿನೆಟ್ ಅದರ ಮೇಲೆ ಹಾರಾಡುತ್ತದೆ, ಕೊಳವೆ ಚಾಚಿ ಎಳೆದು ಊದುವ ಟ್ರೊಂಬೋನ್ ಕೆಳಗೆ ಜಾರಾಡುತ್ತದೆ. ಮೂವರೂ ಒಟ್ಟಿಗೇ ಮಾತಾಡುತ್ತಾರೆ, ಆದರೂ ಗಲಾಟೆ ಅನಿಸುವುದಿಲ್ಲ. ಆಮೇಲೆ ಒಬ್ಬೊಬ್ಬರ ಸರದಿ. ಸುಬೇದಾರರು ಹುಬ್ಬು ಹಾರಿಸಿದರೆ ಇನ್ನೊಂದು ಸುತ್ತು, ತಲೆಯಾಡಿಸಿದರೆ ಎಲ್ಲರೂ ಸೇರಿ ಕೊನೆಯ ಸುತ್ತು. ಒಂದೊಂದು ಹಾಡು ಹನ್ನೆರಡು ನಿಮಿಷ ಓಡಿದ್ದೂ ಇದೆ. ವಾಲಗ ಕೇಳಿ ಬೆಳೆದ ಕಾಲಿಗೆ ಇದು ಬೇಗ ಹಿಡಿಸುತ್ತದೆ. ನನ್ನ ಪಕ್ಕದ ಮೇಜಿನ ಅಜ್ಜ ಜಾಝ್ ಅಂದರೇನು ಅಂತಲೇ ಗೊತ್ತಿಲ್ಲದೆ ಎರಡು ತಿಂಗಳಿಂದ ಬರುತ್ತಿದ್ದಾರೆ.

ಹತ್ತಿರದಿಂದ ನೋಡಬೇಕಾದದ್ದು ಸುಬೇದಾರರ ಎಡಗೈ. ಅದರಲ್ಲಿ ಬ್ಲಾಕ್ ಆದ ಸಿಂಕಿಗೆ ಒತ್ತುತ್ತೇವಲ್ಲ, ಆ ರಬ್ಬರ್ ಬಟ್ಟಲು, ಕೋಲು ತೆಗೆದದ್ದು. ಹಾರ್ಡ್‌ವೇರ್ ಅಂಗಡಿಯದು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿದೆ. ಟ್ರಂಪೆಟ್ಟಿನ ಬಾಯಿಗೆ ಅದನ್ನು ಮುಚ್ಚಿ ತೆಗೆದರೆ ಹಿತ್ತಾಳೆ ‘ವಾ, ವಾ’ ಎಂದು ಮಗು ಅತ್ತ ಹಾಗೆ ಅಳುತ್ತದೆ. ಜಾಝ್ ಹುಟ್ಟಿದ ಊರು ನ್ಯೂ ಆರ್ಲಿಯನ್ಸ್ ಕಡೆಯವರ ಹಳೇ ಉಪಾಯ ಅದು. ಕಿಂಗ್ ಆಲಿವರ್ ಬಾಟಲಿ, ಬಟ್ಟಲು ಯಾವುದನ್ನೂ ಬಿಟ್ಟವನಲ್ಲ.

ಇನ್ನು ಕಿರಿಕಿರಿ. ಒಂದೇ ಒಂದು, ಆದರೆ ಸಣ್ಣದಲ್ಲ. ಬಾರಿನ ಮಾಡು ತಗಡಿನದು.

ಮೇ ತನಕ ಇದು ನನ್ನ ತಲೆಗೇ ಹೋಗಿರಲಿಲ್ಲ. ಜೂನ್ ಎರಡನೇ ಶನಿವಾರ ಕ್ಲಾರಿನೆಟ್‌ನವರು ಕೆಳಗಿನ ಸ್ವರಗಳಲ್ಲಿ ಮೆಲ್ಲಗೆ ಶುರು ಮಾಡಿದ್ದರು, ಮೇಜಿನವರೆಲ್ಲ ಲೋಟ ಇಡುವ ಸದ್ದನ್ನೂ ಹಿಡಿದುಕೊಂಡಿದ್ದರು. ಆಗ ಮಳೆ ಬಂತು. ನಮ್ಮ ಮಳೆ ಹೇಗೆ ಅಂತ ಗೊತ್ತಲ್ಲ, ತಗಡಿನ ಮೇಲೆ ಯಾರೋ ಒಣಗಿದ ಕಾಫಿ ಮೂಟೆ ಮೂಟೆ ಸುರಿದ ಹಾಗೆ. ಕ್ಲಾರಿನೆಟ್‌ನವರ ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಬೆರಳು ಓಡುವುದು ಕಾಣುತ್ತಿತ್ತು, ಸದ್ದಿಲ್ಲ. ಬ್ಯಾಂಜೊ ಪೂರ್ತಿ ಮಾಯ. ಟ್ರಂಪೆಟ್ ಒಂದೇ ಮಳೆಯ ಜೊತೆ ಜಗಳಕ್ಕೆ ನಿಂತಿತು. ಎರಡು ಹಾಡು ಆದಮೇಲೆ ಸುಬೇದಾರರು ಟವಲಿನಿಂದ ಬಾಯಿ ಒರೆಸಿಕೊಂಡು ರಮ್ಮಿಗೆ ಬಿಸಿನೀರು ಕೇಳಿದರು.

ಕರೆಂಟ್ ಹೋದರೆ ಇವರಿಗೆ ಲೆಕ್ಕಕ್ಕಿಲ್ಲ, ಕ್ಯಾಂಡಲ್ ಬೆಳಕಲ್ಲಿ ನುಡಿಸುತ್ತಾರೆ. ಆ ಲ್ಯಾಪ್‌ಟಾಪ್ ಹುಡುಗನ ಕೈಲಿ ಆಗುತ್ತಿತ್ತಾ? ಆದರೆ ಮಾಲೀಕರು ಅಡುಗೆಮನೆಯ ಫ್ರಿಜ್ಜಿಗೆ ಎಂದು ಕಿಟಕಿಯ ಹೊರಗಿನ ಜನರೇಟರ್ ಎಳೆಯುತ್ತಾರೆ. ಮೇಲೆ ಮಳೆ, ಪಕ್ಕದಲ್ಲಿ ಜನರೇಟರ್, ನಡುವೆ ಜಾಝ್.

ನಾಲ್ಕು ಶನಿವಾರ ಜಾಗ ಬದಲಿಸಿ ನೋಡಿದೆ. ಕೌಂಟರಿನ ಎಡಗಡೆ ಎರಡು ಮೇಜುಗಳ ಮೇಲೆ ಮಾತ್ರ ಕಾಂಕ್ರೀಟ್ ಇದೆ. ಅಲ್ಲಿ ಮಳೆಯಲ್ಲೂ ಮುಕ್ಕಾಲು ಪಾಲು ಕೇಳಿಸುತ್ತದೆ. ಏಳು ಗಂಟೆಗೆ ಮೊದಲೇ ಹೋಗಿ ಹಿಡಿಯಬೇಕು. ಅದಕ್ಕೂ ಒಂದು ತಗಾದೆ ಇದೆ, ಟ್ರೊಂಬೋನ್ ಅಲ್ಲೇ. ಹಿಂದೆ ಗಾಡಿಯ ಮೇಲೆ ನುಡಿಸುತ್ತಾ ಹೋಗುವಾಗ ಟ್ರೊಂಬೋನ್‌ನವನನ್ನು ಹಿಂಬದಿಗೆ ಕೂರಿಸುತ್ತಿದ್ದರಂತೆ, ಕೊಳವೆ ಚಾಚಲು ಜಾಗ ಬೇಕಲ್ಲ. ಇಲ್ಲಿ ಹಿಂಬದಿ ಇಲ್ಲ. ಕೊಳವೆ ನನ್ನ ಪೋರ್ಕ್ ಫ್ರೈ ತಟ್ಟೆಯ ಮೇಲೆಯೇ ಹಾದುಹೋಗುತ್ತದೆ, ವೇಟರ್ ಪ್ರತಿ ಸಲ ತಲೆ ಬಗ್ಗಿಸುತ್ತಾನೆ. ಹಾಡು ಮುಗಿದಾಗ ಅವರು ಕೊಳವೆಯೊಳಗಿನ ನೀರು ನೆಲಕ್ಕೆ ಬಿಡುತ್ತಾರೆ. ಚಪ್ಪಲಿ ಹಾಕಿಕೊಂಡು ಹೋಗಬೇಡಿ.

ಖರ್ಚು: ಎರಡು ರಮ್, ಒಂದು ಫ್ರೈ, ಬ್ಯಾಂಡಿನ ಡಬ್ಬಿಗೆ ನೂರು, ಒಟ್ಟು ಎಂಟುನೂರರ ಒಳಗೆ. ಕುಡಿದು ಗಾಡಿ ಮುಟ್ಟುವುದಿಲ್ಲ, ಬಸ್ ನಂಬುವ ಹೊತ್ತಲ್ಲ. ಹಾಗಾಗಿ ಕುಡಿಯದ ಭಾವಮೈದುನನಿಗೆ ಒಂದು ಪ್ಲೇಟ್ ಜಾಸ್ತಿ ಹೇಳುತ್ತೇನೆ. ರೆಸಾರ್ಟಿನ ಒಂದು ರಾತ್ರಿಯ ದುಡ್ಡಿಗೆ ಇಲ್ಲಿ ಮೂರು ಶನಿವಾರ. ಅತಿಥಿಗಳನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸಬೇಕಾದವರಿಗೆ ರೆಸಾರ್ಟೇ ಸರಿ. ನನಗೆ ಅದು ಬೇಡ.

ಮಾಡಿನ ವಿಷಯ ಮಾಲೀಕರ ಕಿವಿಗೆ ಹಾಕಿದ್ದೇನೆ. ತಗಡಿನ ಕೆಳಗೆ ಥರ್ಮೋಕೋಲ್ ಹೊಡೆಸಿ, ಇಲ್ಲವೇ ಹಳೇ ಗೋಣಿಯನ್ನಾದರೂ ಮೇಲೆ ಹಾಸಿ ಅಂದೆ. ಅವರು ಬಿಲ್ಲಿನಿಂದ ತಲೆ ಎತ್ತಲಿಲ್ಲ. “ಮಾಡುವ ಮಾರಾಯ್ರೆ. ಮೊದಲು ಈ ಮಳೆಯೊಂದು ನಿಲ್ಲಲಿ.”