ಪೆನ್ಸಿಲ್ ಸೆಲ್ ಮಷೀನೋ, 900 ಡಾಲರ್ ಮಷೀನೋ: ಟೆಕ್ಸಸ್ ರಾಂಚಿನಲ್ಲಿ ಮೂರು ದಿನ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ಯಾರೆಟ್ ಎಟಿ ಪ್ರೊಗೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಓಡುವ ಹಳೇ ಮಾದರಿಯ ಮೆಟಲ್ ಡಿಟೆಕ್ಟರ್ ಅದು, ನೆಲದಡಿಯ ಲೋಹ ಹುಡುಕುವ ಮಷೀನ್. ಸೆಕೆಂಡ್ ಹ್ಯಾಂಡ್‌ನಲ್ಲಿ 380 ಡಾಲರ್ ಕೊಟ್ಟು ತಗೊಂಡಿದ್ದೆ. ಈ ಸಲ ಗೆಳೆಯರು ಬರುತ್ತಾರೆ, ಅವರ ಕೈಗೂ ಒಂದೊಂದು ಇರಲಿ ಅಂತ ಇನ್ನೆರಡು ಕೊಂಡೆ. ಒಂದಕ್ಕೆ 900 ಡಾಲರ್, ಇನ್ನೊಂದಕ್ಕೆ 110. ಮೂರನ್ನೂ ಗಾಡಿಗೆ ಹಾಕಿಕೊಂಡು ಪಶ್ಚಿಮ ಟೆಕ್ಸಸ್‌ನ ಒಂದು ರಾಂಚಿಗೆ (ದನ ಸಾಕುವ ದೊಡ್ಡ ಜಮೀನು) ಹೋಗಿ, ಮೂರು ದಿನ ನೆಲ ಜಾಲಾಡಿ ಬಂದಿದ್ದೇವೆ. ಕೊಂಡ ಎರಡರ ಕಂಪನಿ ಹೆಸರು ಇಲ್ಲಿ ಹಾಕುವುದಿಲ್ಲ. ನನ್ನ ಕೈಗೆ ಬಂದ ಒಂದೊಂದು ಪೀಸ್ ನೋಡಿ ಇಡೀ ಕಂಪನಿಯನ್ನು ತೂಗುವುದು ಸರಿಯಲ್ಲ ಅಲ್ವಾ.

ಬಂದ ಗೆಳೆಯರು ಇಬ್ಬರು. ಒಬ್ಬ ಹೊಸಪೇಟೆ ಕಡೆಯವನು, ಕಂಪನಿ ಕೆಲಸಕ್ಕೆ ಡಲ್ಲಾಸ್‌ಗೆ ಬಂದಿದ್ದ. ಇನ್ನೊಬ್ಬ ನ್ಯೂಜೆರ್ಸಿಯಲ್ಲಿ ಇರುವವನು, ಮೂವರೂ ಒಂದೇ ಹಾಸ್ಟೆಲ್‌ನವರು. ರಾಂಚು ನನ್ನ ಸಹೋದ್ಯೋಗಿಯ ಅಜ್ಜನದು. ಅಬಿಲೀನ್ ಮತ್ತು ಸ್ಯಾನ್ ಆಂಜೆಲೊ ಊರುಗಳ ನಡುವೆ, ಡಲ್ಲಾಸ್‌ನಿಂದ ನಾಲ್ಕು ಗಂಟೆಯ ದಾರಿ. ಆ ಸೀಮೆಯಲ್ಲಿ ಫೋರ್ಟ್ ಚಾಡ್‌ಬರ್ನ್ ಅಂತ 1852ರ ಸೈನ್ಯದ ಠಾಣೆ ಇದೆ. 1858ರಿಂದ 1861ರವರೆಗೆ ಬಟರ್‌ಫೀಲ್ಡ್ ಟಪಾಲು ಗಾಡಿಗಳು ಅಲ್ಲಿ ನಿಂತು ಮುಂದೆ ಕ್ಯಾಲಿಫೋರ್ನಿಯಾಗೆ ಹೋಗುತ್ತಿದ್ದವು. ಆಮೇಲೆ 1867ರಲ್ಲಿ ಸ್ಯಾನ್ ಆಂಜೆಲೊದಲ್ಲಿ ಫೋರ್ಟ್ ಕಾಂಚೊ ಎದ್ದಿತು. ಅಲ್ಲಿನ ಸೈನಿಕರಿಗೆ ಬೇಕಾದ ಹಿಟ್ಟು, ಸಾಮಾನು, ಮದ್ದುಗುಂಡು ಎಲ್ಲಾ ಗಾಡಿಗಳಲ್ಲೇ ಬರಬೇಕಿತ್ತು. ಅಜ್ಜನ ಜಮೀನಿನಲ್ಲಿ ಹಳೇ ಗಾಡಿ ಜಾಡು ಒಂದು ಹಾದುಹೋಗುತ್ತದೆ, ಅದೇ ನಮಗೆ ಆಸೆ.

ನಾವು ಹೋಗಿದ್ದು ಫೆಬ್ರವರಿಯಲ್ಲಿ. ಆಗಲೇ ಯಾಕೆ ಅಂದರೆ, ನವೆಂಬರ್‌ನಿಂದ ಜನವರಿ ಮೊದಲ ವಾರದವರೆಗೆ ಜಿಂಕೆ ಬೇಟೆ ಸೀಸನ್. ಆಗ ರಾಂಚಿನವರು ಬೇಟೆಗಾರರಿಗೆ ಜಾಗ ಬಾಡಿಗೆಗೆ ಕೊಟ್ಟಿರುತ್ತಾರೆ, ನಾವು ಹೋಗುವ ಹಾಗಿಲ್ಲ. ಬೇಸಿಗೆಯಲ್ಲಿ ಹುಲ್ಲು ಎದ್ದಿರುತ್ತದೆ, ಬುಡುಬುಡಿಕೆ ಹಾವು (ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ಹಾವು) ಓಡಾಡುತ್ತಿರುತ್ತದೆ.

ಹೊಸಪೇಟೆ ಗೆಳೆಯನಿಗೆ ಮೊದಲು ಮನಸ್ಸೇ ಇರಲಿಲ್ಲ. "ಲೋ, ನೆಲ ಅಗೆಯೋ ಕೆಲಸ ನಂಗೆ ಸರಿಬರಲ್ಲ" ಅಂದ. ಅವರ ಊರಾಚೆ ಗುಡ್ಡದ ಮೇಲಿದ್ದ ಬಸವಣ್ಣನನ್ನು ನಿಧಿ ಆಸೆಗೆ ಯಾರೋ ರಾತ್ರೋರಾತ್ರಿ ಬುಡ ಅಗೆದು ಕೆಡವಿದ್ದರಂತೆ. ಅವನ ಅಜ್ಜಿ ಎರಡು ದಿನ ಊಟ ಬಿಟ್ಟಿದ್ದರು. ಅಂಥದ್ದನ್ನು ನೋಡಿದವನಿಗೆ ಗುದ್ದಲಿ ಹಿಡಿಯಲು ಮನಸ್ಸು ಬರುವುದಿಲ್ಲ. ನಾನು ಅವನಿಗೆ ಇಲ್ಲಿನ ಪದ್ಧತಿ ಹೇಳಿದೆ. ಟೆಕ್ಸಸ್‌ನಲ್ಲಿ ಹೆಚ್ಚಿನ ಜಮೀನು ಖಾಸಗಿಯವರದು, ಮಾಲೀಕರ ಒಪ್ಪಿಗೆ ಇಲ್ಲದೆ ಬೇಲಿ ದಾಟುವಂತಿಲ್ಲ. ಕೇಂದ್ರ ಸರ್ಕಾರದ ನೆಲದಲ್ಲಿ ನೂರು ವರ್ಷ ದಾಟಿದ ಹಳೇ ವಸ್ತುಗಳನ್ನು ಅನುಮತಿ ಇಲ್ಲದೆ ಅಗೆದು ಒಯ್ಯುವುದು 1979ರ ಕಾನೂನಿನ ಪ್ರಕಾರ ಅಪರಾಧ. ನಮ್ಮಲ್ಲೂ 1878ರ ನಿಧಿ ಕಾಯ್ದೆ ಇದೆಯಲ್ಲ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತ. ಇಲ್ಲಿ ಸಿಕ್ಕಿದ್ದನ್ನೆಲ್ಲ ಸಂಜೆ ಅಜ್ಜನ ಮೇಜಿನ ಮೇಲೆ ಹರಡುತ್ತೇವೆ, ಅವರು ಕೊಟ್ಟಿದ್ದು ಮಾತ್ರ ನಮ್ಮದು. ತೋಡಿದ ಗುಂಡಿ ಆಗಲೇ ಮುಚ್ಚಬೇಕು, ಇಲ್ಲದಿದ್ದರೆ ಕುದುರೆ, ದನದ ಕಾಲು ಮುರಿಯುತ್ತದೆ. ಇದನ್ನೆಲ್ಲ ಕೇಳಿದ ಮೇಲೆ ಒಪ್ಪಿದ.

ಈಗ ಮಷೀನುಗಳು.

110 ಡಾಲರ್‌ದು ಒಂದು ಮಧ್ಯಾಹ್ನವೂ ಬಾಳಲಿಲ್ಲ. ಅಲ್ಲಿನ ನೆಲ ಕೆಂಪು. "ನಮ್ಮ ಸಂಡೂರಿನ ಮಣ್ಣಿನ ಹಾಗೇ ಇದೆಯಲ್ಲೋ" ಅಂದ ಗೆಳೆಯ. ಅಂಥ ನೆಲದಲ್ಲಿ ಮಣ್ಣಿನ ಗುಣಕ್ಕೆ ಮಷೀನನ್ನು ಹೊಂದಿಸಿಕೊಳ್ಳಬೇಕು, ಗ್ರೌಂಡ್ ಬ್ಯಾಲೆನ್ಸ್ ಅನ್ನುತ್ತಾರೆ. ಇದರಲ್ಲಿ ಆ ಸೌಲಭ್ಯವೇ ಇಲ್ಲ. ಹೆಜ್ಜೆಹೆಜ್ಜೆಗೂ ಕುಂಯ್ ಕುಂಯ್. ವಾಪಸ್ ಕಳಿಸಿದೆ.

900 ಡಾಲರ್‌ದು ಬೇರೆಯೇ ದರ್ಜೆ, ಸುಳ್ಳು ಹೇಳಬಾರದು. ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತದೆ. ಎಟಿ ಪ್ರೊಗೆ ಇರುವುದು 15 ಕಿಲೋಹರ್ಟ್ಸ್ ಒಂದೇ. ಮೊದಲ ದಿನ ನಾವು ಬಿದ್ದುಹೋದ ಹಳೇ ಮನೆಯೊಂದರ ಪಾಯದ ಹತ್ತಿರ ಹುಡುಕಿದೆವು. ಅಲ್ಲಿ ನೆಲದ ತುಂಬಾ ತುಕ್ಕು ಮೊಳೆ. ಒಳ್ಳೆಯ ಲೋಹ ಒಂದು ಮೊಳೆಯ ಪಕ್ಕದಲ್ಲಿದ್ದರೆ ಮೊಳೆಯ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ನ್ಯೂಜೆರ್ಸಿ ಗೆಳೆಯ ಆ ಹೊಸ ಮಷೀನ್ ಹಿಡಿದು, ನಾನು ಆಗಷ್ಟೇ ದಾಟಿಹೋಗಿದ್ದ ಜಾಗದಲ್ಲೇ ಒಂದು ಹಿತ್ತಾಳೆ ಬಕಲ್ ಎತ್ತಿದ. ಕುದುರೆ ಸರಂಜಾಮಿನದು. ನನ್ನ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) 8.5 ಇಂಚಿಗೆ 11 ಇಂಚು, ಅಷ್ಟಗಲದ ಕೆಳಗೆ ಹತ್ತು ಮೊಳೆ ಒಟ್ಟಿಗೆ ಬಂದುಬಿಡುತ್ತವೆ. 5 ಇಂಚಿಗೆ 8 ಇಂಚಿನ ಚಿಕ್ಕ ಕಾಯಿಲ್ ಹಾಕಿಕೊಂಡ ಮೇಲೆ ನನಗೂ ಎರಡು ಬಟನ್ ಸಿಕ್ಕವು. ಆದರೂ ಮೊಳೆಗಳ ನಡುವೆ ಆ ಮಷೀನೇ ಮೇಲು. ಮೊದಲ ದಿನದ ಮಟ್ಟಿಗೆ ಅದು ಗೆದ್ದಿತು ಅಂತಲೇ ಬರೆದಿಡಿ.

ತೊಂದರೆ ಶುರುವಾಗಿದ್ದು ಆ ರಾತ್ರಿ, ಚಾರ್ಜಿಂಗ್‌ನಿಂದ.

ಅದರ ಬ್ಯಾಟರಿ ಒಳಗೇ ಇದೆ, ಬಿಚ್ಚಿ ಬದಲಿಸಲು ಆಗುವುದಿಲ್ಲ. ಚಾರ್ಜ್ ಮಾಡಲು ಮಾಮೂಲಿ ಫೋನಿನ ಕೇಬಲ್ ನಡೆಯುವುದಿಲ್ಲ. ಅದಕ್ಕೇ ಅಂತ ಮಾಡಿದ ಬೇರೆ ಕೇಬಲ್ ಬೇಕು. ಆ ಕೇಬಲ್‌ನ ತುದಿಯಲ್ಲಿ ಅಯಸ್ಕಾಂತ. ಮಷೀನಿನ ಹಿಂದೆ ಹಿಡಿದರೆ ಟಪ್ ಅಂತ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ ನೋಡಿದಾಗ ಎಷ್ಟು ಚೆನ್ನಾಗಿದೆ ಅನಿಸಿತ್ತು. ನಾವು ಮಾಡುವ ಕೆಲಸ ಯಾವುದು, ಯೋಚಿಸಿ. ಇಡೀ ದಿನ ತುಕ್ಕು ಹಿಡಿದ ಕಬ್ಬಿಣ ಅಗೆಯುವುದು. ಸೊಂಟದ ಚೀಲದ ತುಂಬಾ ಮೊಳೆ, ಮುಳ್ಳುತಂತಿ ಚೂರು, ತುಕ್ಕಿನ ಪುಡಿ. ಕೇಬಲ್ ಕೂಡ ಅದೇ ಚೀಲದ ಪಕ್ಕದ ಜೇಬಿನಲ್ಲಿತ್ತು. ರಾತ್ರಿ ತೆಗೆದು ನೋಡಿದರೆ ಅಯಸ್ಕಾಂತದ ಮೇಲೆ ಕಪ್ಪು ಪುಡಿ ಹುಲಿಯ ಮೀಸೆಯ ಹಾಗೆ ನಿಂತಿತ್ತು.

ಒರೆಸಿದೆವು. ಒರೆಸಿದಷ್ಟೂ ಆ ಪುಡಿ ಪಿನ್ನುಗಳ ಸುತ್ತಲಿನ ಸಂದಿಗೆ ಇಳಿಯಿತು. ಕೊನೆಗೆ ಹೇಗೋ ಅಂಟಿಸಿದೆವು, ದೀಪ ಮಿನುಗಿತು, ಸರಿ ಅಂತ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿಯಲ್ಲಿ ಒಂದೇ ಕಡ್ಡಿ! ರಾತ್ರಿಯಿಡೀ ಪಿನ್ನು ಸರಿಯಾಗಿ ತಾಗಿಯೇ ಇರಲಿಲ್ಲ. ಆಮೇಲೆ ಹಲ್ಲುಜ್ಜುವ ಬ್ರಷ್, ಹಿಟ್ಟಿನ ಮುದ್ದೆ, ಟೇಪು ಎಲ್ಲಾ ಪ್ರಯೋಗ ಆಯಿತು. ಪುಡಿ ಎತ್ತಲು ನಿಜಕ್ಕೂ ಕೆಲಸಕ್ಕೆ ಬಂದಿದ್ದು ಟೇಪು, ಅಂಟಿನ ಬದಿ ಒತ್ತಿ ಒತ್ತಿ ಕೀಳಬೇಕು. ಅಷ್ಟರಲ್ಲಿ ಹತ್ತು ಗಂಟೆ. ಚಾರ್ಜ್ ಆಗಲು ಇನ್ನೂ ಕೆಲವು ಗಂಟೆ ಕಾಯಬೇಕು. ಪೇಟೆ 35 ಮೈಲಿ ದೂರ, ಅಲ್ಲಿಗೆ ಹೋದರೂ ಆ ಕೇಬಲ್ ಸಿಗುವುದಿಲ್ಲ. ನ್ಯೂಜೆರ್ಸಿಯಿಂದ ಟಿಕೆಟ್ ಹಾಕಿಕೊಂಡು ಬಂದ ಗೆಳೆಯ ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಾ ಒಂದು ಬಿಸಿಲಿನ ಒಳ್ಳೆಯ ಬೆಳಗನ್ನು ಕಳೆದ. ಅವನು ಏನೂ ಅನ್ನಲಿಲ್ಲ, ನನಗೆ ಮಾತ್ರ ತುಂಬಾ ಬೇಜಾರಾಯಿತು. ಕರೆದುಕೊಂಡು ಹೋದವನು ನಾನು ತಾನೇ.

ಅದೇ ಹೊತ್ತಿಗೆ ನನ್ನ ಎಟಿ ಪ್ರೊ ಕೂಡ ಸೆಲ್ ಮುಗಿದಿದೆ ಅಂತ ತೋರಿಸಿತು. ರಾಂಚಿನ ಅಜ್ಜಿ ಅಡುಗೆಮನೆಯ ಡ್ರಾಯರ್ ಎಳೆದು ನಾಲ್ಕು ಸೆಲ್ ಕೈಗಿಟ್ಟರು. ಒಂದು ನಿಮಿಷವೂ ಹಿಡಿಯಲಿಲ್ಲ. ಪೆನ್ಸಿಲ್ ಸೆಲ್ ಇಲ್ಲದ ಮನೆ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. ರಾಂಚಿನಂಥ ಜಾಗದಲ್ಲಿ ಇದು ಚಿಕ್ಕ ವಿಷಯ ಅಲ್ಲ.

ತೂಕದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಸಂಜೆ ಹೊತ್ತಿಗೆ ಎರಡರಿಂದಲೂ ಭುಜ ನೋಯುತ್ತದೆ. ಹೆಡ್‌ಫೋನ್ ವಿಷಯದಲ್ಲಿ ಹೊಸದು ಮೇಲು, ವೈರ್ ಇಲ್ಲ. ನನ್ನದರ ವೈರು ಮೆಸ್ಕೀಟ್ ಮುಳ್ಳಿಗೆ ದಿನಕ್ಕೆ ಐದಾರು ಸಲ ಸಿಕ್ಕಿಕೊಳ್ಳುತ್ತದೆ. (ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಹೊಸಪೇಟೆಯವನು ನೋಡಿದ ತಕ್ಷಣ "ಇದು ಇಲ್ಲಿಂದಲೇ ಬಂದಿದ್ದಾ?" ಅಂತ ಕೇಳಿದ.)

ಎರಡನೇ ದಿನ ಮಧ್ಯಾಹ್ನ ನನ್ನ ಮಷೀನನ್ನು ಹೊಸಪೇಟೆಯವನಿಗೆ ಕೊಟ್ಟು, ನಾನು ಪಿನ್‌ಪಾಯಿಂಟರ್ (ಗುಂಡಿಯೊಳಗೆ ಲೋಹ ಎಲ್ಲಿದೆ ಅಂತ ತೋರಿಸುವ ಕೈಕಡ್ಡಿ) ಮತ್ತು ಗುದ್ದಲಿ ಹಿಡಿದು ಹಿಂದೆ ನಡೆದೆ. ಗಾಡಿ ಜಾಡಿನ ಇಳಿಜಾರು ಅದು. ಕಬ್ಬಿಣದ ಸದ್ದನ್ನು ಮಷೀನಿನಲ್ಲಿ ಬಂದ್ ಮಾಡಬೇಡ, ಎಲ್ಲಾ ಕೇಳು ಅಂತ ಹೇಳಿದ್ದೆ. ಎಟಿ ಪ್ರೊದಲ್ಲಿ ಐರನ್ ಆಡಿಯೊ ಅಂತ ಒಂದು ಬಟನ್ ಇದೆ. ಅದು ಕಬ್ಬಿಣಕ್ಕೆ ತಗ್ಗಿನ ಗುರ್ ಸದ್ದು ಕೊಡುತ್ತದೆ, ಬೇರೆ ಲೋಹಕ್ಕೆ ಮೇಲಿನ ಸದ್ದು. ತುಕ್ಕು ಹಿಡಿದ ಬಾಟಲಿ ಮುಚ್ಚಳ ಬೆಳ್ಳಿಯ ಹಾಗೆ ಕೂಗಿ ಮೋಸ ಮಾಡುವುದು ಈ ಹುಡುಕಾಟದ ದೊಡ್ಡ ಗೋಳು. ಐರನ್ ಆಡಿಯೊ ಹಾಕಿದರೆ ಆ ಮುಚ್ಚಳದ ಅಂಚಿನಲ್ಲಿ ಗುರ್ ಕೇಳಿಸಿ ಗುಟ್ಟು ಬಿಟ್ಟುಕೊಡುತ್ತದೆ. ಕಿವಿ ಪಳಗಲು ನನಗೆ ಎರಡು ಟ್ರಿಪ್ ಬೇಕಾಯಿತು. ಅವನಿಗೆ ಒಂದು ಗಂಟೆ ಸಾಕಾಯಿತು.

ಮೊದಲು ಸಿಕ್ಕಿದ್ದು ಒಂದು ಖಾಲಿ ತೋಟಾ. ಬುಡದಲ್ಲಿ 'ಆರ್', 'ಎಫ್', 11, 78 ಅಂತ ಅಚ್ಚು. ಆರ್ ಅಂದರೆ ರೈಫಲ್, ಎಫ್ ಅಂದರೆ ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಆರ್ಸೆನಲ್ (ಸೈನ್ಯದ ಮದ್ದುಗುಂಡಿನ ಕಾರ್ಖಾನೆ), 1878ರ ನವೆಂಬರ್‌ನಲ್ಲಿ ಮಾಡಿದ್ದು. ಸೈನ್ಯದ 45-70 ಬಂದೂಕಿನದು. ನಮ್ಮ ನಿಧಿ ಕಾಯ್ದೆ ಬಂದ ವರ್ಷವೇ ಅಂತ ಅವನೇ ಹೇಳಿ ಅಂಗೈಯಲ್ಲಿ ತುಂಬಾ ಹೊತ್ತು ಇಟ್ಟುಕೊಂಡ.

ಆಮೇಲೆ ಬರೀ ಗುರ್. ನಾನಾಗಿದ್ದರೆ ಬಿಟ್ಟು ಮುಂದೆ ಹೋಗುತ್ತಿದ್ದೆ. ಅವನು ಬಿಡಲಿಲ್ಲ, ಸದ್ದು ಅಗಲವಾಗಿದೆ, ಮೊಳೆಯಲ್ಲ ಅಂದ. ಒಂದು ಗೇಣು ಆಳದಲ್ಲಿ ಅರ್ಧಚಂದ್ರದ ಆಕಾರದ ಚಪ್ಪಟೆ ಕಬ್ಬಿಣ. ನನಗೆ ಏನೂ ಗೊತ್ತಾಗಲಿಲ್ಲ, ಮುರಿದ ಕುದುರೆ ಲಾಳ ಇರಬೇಕು ಅಂದುಕೊಂಡೆ. ಅವನು ಮಣ್ಣು ಒರೆಸಿ, ಮೊಳೆ ತೂತುಗಳ ಮೇಲೆ ಬೆರಳಾಡಿಸಿ, "ಇದು ಮುರಿದಿದ್ದಲ್ಲ ಕಣೋ, ಎತ್ತಿನ ಲಾಳ" ಅಂದ. ಕುದುರೆಗೆ ಕಾಲಿಗೊಂದು ಲಾಳ ಸಾಕು. ಎತ್ತಿನ ಗೊರಸು ಸೀಳಿರುತ್ತದೆ, ಹಾಗಾಗಿ ಒಂದು ಕಾಲಿಗೆ ಎರಡು ತುಂಡು ಬೇಕು. ಇವನ ತಾತ ಗಾಡಿ ಹೊಡೆಯುತ್ತಿದ್ದವರು. ಸಂತೆಯ ದಿನ ಎತ್ತನ್ನು ಕೆಡವಿ, ಕಾಲು ಕಟ್ಟಿ, ಲಾಳ ಹೊಡೆಸುವಾಗ ಇವನು ಹಗ್ಗ ಹಿಡಿದು ಕೂತಿರುತ್ತಿದ್ದನಂತೆ.

ಸಂಜೆ ಅಜ್ಜನ ಮೇಜಿನ ಮೇಲೆ ಇಟ್ಟಾಗ ಅವರಿಗೂ ಗೊತ್ತಿರಲಿಲ್ಲ. ಇಂಥ ಚೂರುಗಳನ್ನು ಎಷ್ಟೋ ಸಲ ಗುಜರಿಗೆ ಎಸೆದಿದ್ದೇನೆ ಅಂದರು. ಸಾಮಾನಿನ ಗಾಡಿಗಳನ್ನು ಎತ್ತುಗಳೂ ಎಳೆಯುತ್ತಿದ್ದವು ಅಂತ ಅವರು ಕೇಳಿದ್ದರು, ಆದರೆ ಅದರ ಗುರುತು ತಮ್ಮ ಹೊಲದಲ್ಲೇ ಇದೆ ಅಂತ ತೋರಿಸಿದ್ದು ವಿಜಯನಗರ ಸೀಮೆಯಿಂದ ಬಂದ ಒಬ್ಬ ಹುಡುಗ. ತೋಟಾ ಅಜ್ಜ ಇಟ್ಟುಕೊಂಡರು. ಲಾಳವನ್ನು ಅವನ ಕೈಗೇ ವಾಪಸ್ ಕೊಟ್ಟರು.

ಹೊಸ ಮಷೀನೂ ಕಬ್ಬಿಣದ ಸದ್ದು ಕೊಡುತ್ತದೆ, ಅದು ಆಗ ಚಾರ್ಜ್‌ನಲ್ಲಿತ್ತು ಅಷ್ಟೇ. ಮೂರನೇ ದಿನ ಅದನ್ನೂ ಹಾಗೇ ಬಳಸಿ ನೋಡಿದೆವು. ಅದರಲ್ಲಿ ಸದ್ದುಗಳು ಜಾಸ್ತಿ, ಸೆಟ್ಟಿಂಗ್‌ಗಳೂ ಜಾಸ್ತಿ. ವಾರವಾರ ಹೋಗುವವರಿಗೆ ಅದು ಭಾಷೆಯಂತೆ ಬಾಯಿಗೆ ಬರಬಹುದು. ನಾನು ವರ್ಷಕ್ಕೆ ಮೂರು ಸಲ ಹೋಗುವವನು, ಪ್ರತಿ ಸಲ ಮೊದಲಿಂದ ಕಲಿಯಬೇಕಾಗುತ್ತದೆ. ಎಟಿ ಪ್ರೊ ಹಾಗಲ್ಲ. ಆರು ತಿಂಗಳು ಬಿಟ್ಟು ಹಿಡಿದರೂ ಕಿವಿಗೆ ನೆನಪಿರುತ್ತದೆ.

ಪಿನ್‌ಪಾಯಿಂಟರ್ ಬಗ್ಗೆ ಒಂದು ಮಾತು: ಯಾವ ಮಷೀನ್ ತಗೊಂಡರೂ ಇದೊಂದು ಬೇಕೇ ಬೇಕು. ಕಿತ್ತಳೆ ಬಣ್ಣದ್ದು ತಗೊಳ್ಳಿ, ಹುಲ್ಲಿನಲ್ಲಿ ಬಿದ್ದರೆ ಕಾಣುತ್ತದೆ. ಗುದ್ದಲಿಗೆ ದುಡ್ಡು ಉಳಿಸಬೇಡಿ, ಅಲ್ಲಿನ ಸುಣ್ಣದ ಕಲ್ಲುಮಣ್ಣು ತೆಳು ತಗಡನ್ನು ಮೊದಲ ದಿನವೇ ಬಗ್ಗಿಸುತ್ತದೆ.

ಇನ್ನೊಂದು. ಸಿಕ್ಕ ಮೊಳೆ, ತಂತಿ ಚೂರುಗಳನ್ನು ಮತ್ತೆ ಗುಂಡಿಗೆ ಹಾಕಬೇಡಿ, ಹೊತ್ತು ತನ್ನಿ. ದನ ಮೇಯುವಾಗ ತಂತಿ ನುಂಗಿದರೆ ಅದು ಹೊಟ್ಟೆ ಚುಚ್ಚಿ ದನ ಸಾಯುತ್ತದೆ. ಅದಕ್ಕೇ ಎಷ್ಟೋ ರಾಂಚಿನವರು ಹಸುವಿಗೆ ಅಯಸ್ಕಾಂತ ನುಂಗಿಸುತ್ತಾರೆ, ಕಬ್ಬಿಣ ಅದಕ್ಕೆ ಅಂಟಿ ಒಂದೇ ಕಡೆ ಉಳಿಯಲಿ ಅಂತ. ನಾವು ಮೂರು ದಿನದಲ್ಲಿ ಒಂದು ಬಕೆಟ್ ಕಬ್ಬಿಣ ಕೊಟ್ಟಾಗ ಅಜ್ಜನಿಗೆ ತೋಟಾ ಸಿಕ್ಕಿದ್ದಕ್ಕಿಂತ ಜಾಸ್ತಿ ಖುಷಿಯಾಯಿತು. ಮತ್ತೆ ಬನ್ನಿ ಅಂದಿದ್ದೂ ಆಗಲೇ.

900 ಡಾಲರ್ ಮಷೀನನ್ನು ನ್ಯೂಜೆರ್ಸಿ ಗೆಳೆಯ 600ಕ್ಕೆ ತಗೊಂಡ. ಅವನ ಮನೆ ಹತ್ತಿರ ಸಮುದ್ರ ಇದೆ. ಒದ್ದೆ ಉಪ್ಪು ಮರಳಿನಲ್ಲಿ ಒಂದೇ ಫ್ರೀಕ್ವೆನ್ಸಿಯ ಎಟಿ ಪ್ರೊ ಬಡಬಡಿಸುತ್ತದೆ, ಹಲವು ಫ್ರೀಕ್ವೆನ್ಸಿಯದು ಅಲ್ಲಿ ನಿಶ್ಶಬ್ದವಾಗಿ ಕೆಲಸ ಮಾಡುತ್ತದೆ. ಅವನಿಗೆ ಅದೇ ಸರಿ. ಕೇಬಲ್‌ನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದೇನೆ. ಬಂದ ದುಡ್ಡಿನಲ್ಲಿ ಅತಿಥಿಗಳಿಗೆ ಅಂತ ಗ್ಯಾರೆಟ್ ಏಸ್ 300 ಒಂದು ತಗೊಳ್ಳುವವನಿದ್ದೇನೆ, ಅದಕ್ಕೂ ನಾಲ್ಕು ಪೆನ್ಸಿಲ್ ಸೆಲ್.

ಹೊಸಪೇಟೆಯವನು ಮೊನ್ನೆ ಫೋನ್ ಮಾಡಿದ್ದ. ಲಾಳವನ್ನು ಅವರಪ್ಪನಿಗೆ ತೋರಿಸಿದನಂತೆ. ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿ, "ಸವೆದಿರೋದು ನೋಡಿದ್ರೆ ತುಂಬಾ ದೂರ ನಡೆದಿದೆ" ಅಂದರಂತೆ. ಜೋಡಿಯ ಇನ್ನೊಂದು ತುಂಡು ಅಲ್ಲೇ ಎಲ್ಲೋ ಇರಬೇಕು, ಮುಂದಿನ ಫೆಬ್ರವರಿಗೆ ರಜೆ ಹಾಕಲಾ ಅಂತ ಕೇಳಿದ.